ಫೈಲು ಇಲ್ಲದೆ ಧಾರವಾಡಕ್ಕೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರಿಗೆ ಧಾರವಾಡ ಅಂದರೆ ಒಂದು ಕೆಲಸ. ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ತಪ್ಪಾಗಿ ಬಂದಿದೆ, ಧಾರವಾಡಕ್ಕೆ ಹೋಗಬೇಕು. ಪದವಿ ಪ್ರಮಾಣಪತ್ರ ಇನ್ನೂ ಬಂದಿಲ್ಲ, ಧಾರವಾಡಕ್ಕೆ ಹೋಗಬೇಕು. ತೋಟದ ಗಡಿಯ ವ್ಯಾಜ್ಯ ಹೈಕೋರ್ಟಿಗೆ ಹೋಯಿತೋ, ಈಗ ಅದಕ್ಕೂ ಧಾರವಾಡವೇ. 2008ರಲ್ಲಿ ಅಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದೇ ಕಾಯಂ ಆಯಿತು. ನಮ್ಮ ಶಿರಸಿಯ ಅರಣ್ಯ ಕಾಲೇಜು ಕೂಡ ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಹೀಗಾಗಿ ಜಿಲ್ಲೆಯ ಅರ್ಧ ಜನ ಆ ಊರಿಗೆ ಹೋಗಿದ್ದಾರೆ, ಆದರೆ ನೋಡಿದವರು ಕಡಿಮೆ. ಬೆಳಿಗ್ಗೆಯ ಬಸ್ಸಿಗೆ ಹೊರಡುವುದು. ಕೈಯಲ್ಲಿ ಫೈಲು, ಅದರೊಳಗೆ ಎರಡೆರಡು ಜೆರಾಕ್ಸ್. ಕೌಂಟರಿನ ಮುಂದೆ ನಿಲ್ಲುವುದು, ಊಟದ ಹೊತ್ತು ಮುಗಿಯಲಿ ಎಂದು ಕಾಯುವುದು. ಸಾಯಂಕಾಲ ಪೇಡೆ ಡಬ್ಬಿ ಹಿಡಿದು ವಾಪಸ್.

ನಾನೂ ಆ ಊರನ್ನು ಅಷ್ಟೇ ಕಂಡಿದ್ದೆ. ಹಾಗಾಗಿ ಕಳೆದ ನವೆಂಬರಿನಲ್ಲಿ ಅಪ್ಪಚ್ಚಿಗೆ, ಅಂದರೆ ಚಿಕ್ಕಪ್ಪನಿಗೆ, ಫೋನ್ ಮಾಡಿ, ಸುಮ್ನೆ ಒಂದು ದಿನ ಧಾರವಾಡಕ್ಕೆ ಹೋಗಿ ಬರೋಣ ಎಂದೆ. ಅಪ್ಪಚ್ಚಿ ಎಪ್ಪತ್ತರ ದಶಕದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಮಾಡಿದವರು. ಆಮೇಲೆ ನಿವೃತ್ತಿ ಆಗುವವರೆಗೂ ನಮ್ಮ ಕಡೆಯೇ ಮೇಷ್ಟ್ರಾಗಿದ್ದರು.

"ಎಂತಾ ಕೆಲಸ ಇದ್ದು?" ಎಂದರು.

"ಎಂತದೂ ಇಲ್ಲೆ."

ಸ್ವಲ್ಪ ಹೊತ್ತು ಮಾತಿಲ್ಲ. "ಹಂಗಾರೆ ಹೋಪನ" ಎಂದರು.

ಶಿರಸಿಯಿಂದ ಮುಂಡಗೋಡ, ತಡಸ ಮೇಲೆ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರ್. ಈ ದಾರಿಯಲ್ಲಿ ಕಿಟಕಿ ಪಕ್ಕ ಕೂತವನಿಗೆ ಭೂಗೋಳದ ಪಾಠ ಪುಕ್ಕಟೆ. ಮೊದಲು ಕಾಡು, ಅಡಿಕೆ ತೋಟ, ತಗ್ಗಿನಲ್ಲಿ ಗದ್ದೆ. ಮುಂಡಗೋಡ ಹತ್ತಿರ ಬಂದಂತೆ ಮರಗಳು ದೂರ ದೂರ ಆಗುತ್ತವೆ. ಟಿಬೆಟಿನ ಕಾಲೊನಿಯ ಭಿಕ್ಷುಗಳು ಒಬ್ಬಿಬ್ಬರು ಬಸ್ಸು ಹತ್ತುತ್ತಾರೆ. ತಡಸ ದಾಟುವಾಗ ಹೊರಗೆ ಗೋವಿನಜೋಳ, ಹತ್ತಿ. ಒಳಗೆ ಕಂಡಕ್ಟರ್ ಅದೇ, ಆದರೆ ಪ್ರಯಾಣಿಕರ ಮಾತು ಪೂರ್ತಿ ಬದಲು. "ಮುಂದ ಸರೀರಿ, ಮುಂದ ಸರೀರಿ." ಅಪ್ಪಚ್ಚಿಯ ಮಾತೂ ಅಲ್ಲೇ ಸದ್ದಿಲ್ಲದೆ ಬದಲಾಯಿತು. ಪಕ್ಕದ ಸೀಟಿನವರಿಗೆ "ಹೌದ್ರಿ" ಅನ್ನತೊಡಗಿದರು. ಎರಡು ವರ್ಷ ಉಂಡ ಊರಿನ ಭಾಷೆ ಐವತ್ತು ವರ್ಷ ಆದರೂ ಬಾಯಲ್ಲಿ ಉಳಿದಿತ್ತು.

ಹುಬ್ಬಳ್ಳಿಯಲ್ಲಿ ಇಳಿದು ಚಿಗರಿ ಬಸ್ಸು ಹತ್ತಿದೆವು. ಹುಬ್ಬಳ್ಳಿ, ಧಾರವಾಡದ ಮಧ್ಯೆ ತನ್ನದೇ ದಾರಿಯಲ್ಲಿ ಓಡುವ ಎಸಿ ಬಸ್ಸು ಇದು. ಜುಬಿಲಿ ಸರ್ಕಲ್‌ವರೆಗೆ ತಣ್ಣಗೆ ಕೂತು ಹೋಗಬಹುದು. ಅಪ್ಪಚ್ಚಿಗೆ ಅದು ಇಷ್ಟವಾಗಲಿಲ್ಲ. ಕಿಟಕಿ ತೆಗೆಯಲಿಕ್ಕೆ ಬರುವುದಿಲ್ಲ ಎಂಬುದೇ ಅವರ ತಕರಾರು.

ಇಳಿದವರು ಮೊದಲು ಹೋಗಿದ್ದು ಲೈನ್ ಬಜಾರಿಗೆ. ಪೇಡೆಯ ಕೆಲಸ ಬೆಳಿಗ್ಗೆಯೇ ಮುಗಿಸಿಕೊಳ್ಳುವುದು ಒಳ್ಳೆಯದು, ಮಧ್ಯಾಹ್ನದ ಹೊತ್ತಿಗೆ ಖಾಲಿಯಾದರೆ ಮುಗಿಯಿತು. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನದವರು ಇಲ್ಲಿ ಹಾಲು ಕಾಯಿಸಿ, ಹುರಿದು, ಸಕ್ಕರೆಪುಡಿಯಲ್ಲಿ ಹೊರಳಿಸಿ ಮಾಡಿದ ತಿಂಡಿ ಇದು. ಈಗ ಊರಿನ ಹೆಸರಿಗೇ ಅಂಟಿಕೊಂಡುಬಿಟ್ಟಿದೆ, ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಹೊರಗಿಂದ ಬಂದವರು ಮಾಡಿದ್ದನ್ನು ತನ್ನದೇ ಅಂದುಕೊಳ್ಳುವುದು ಈ ಊರಿನ ಹಳೇ ಅಭ್ಯಾಸ ಇರಬೇಕು. ಬೇಂದ್ರೆಯವರ ಮನೆಮಾತು ಮರಾಠಿ. ಗಿರೀಶ ಕಾರ್ನಾಡರ ಮನೆಮಾತು ಕೊಂಕಣಿ.

ಕಾರ್ನಾಡರು ಅಂದಾಗ ನಮ್ಮ ಶಿರಸಿಯವರಿಗೆ ಸ್ವಲ್ಪ ಎದೆ ಉಬ್ಬುತ್ತದೆ. ಅವರ ತಂದೆ ಡಾಕ್ಟರು. ಮಗನ ಬಾಲ್ಯ ಕಳೆದಿದ್ದು ಶಿರಸಿಯಲ್ಲಿ. ನಾಟಕ ಕಂಪನಿಗಳನ್ನೂ ಯಕ್ಷಗಾನವನ್ನೂ ಮೊದಲು ನೋಡಿದ್ದು ನಮ್ಮಲ್ಲೇ. ಹದಿಹರೆಯದಲ್ಲಿ ಮನೆ ಧಾರವಾಡಕ್ಕೆ ಬಂತು. ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಪದವಿ ಪಡೆದರು. ಅವರ ಮೊದಲ ನಾಟಕ 1961ರಲ್ಲಿ ಪುಸ್ತಕವಾಗಿ ಬಂದಿದ್ದು ಇದೇ ಊರಿನ ಮನೋಹರ ಗ್ರಂಥಮಾಲೆಯಿಂದ. ಆಗ ಅವರು ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದರು. ಶಿರಸಿ ಕಣ್ಣಿಗೆ ಬೇಕಾದ್ದನ್ನು ಕೊಟ್ಟಿತು, ಧಾರವಾಡ ಅದನ್ನು ಅಚ್ಚು ಹಾಕಿಸಿತು ಎಂದು ನಾನು ಹೇಳಿಕೊಳ್ಳುತ್ತೇನೆ. ಇದನ್ನು ಧಾರವಾಡದವರ ಮುಂದೆ ಹೇಳಿದರೆ ಒಪ್ಪುವುದಿಲ್ಲ, ಇರಲಿ.

ಆ ಗ್ರಂಥಮಾಲೆಯ ಅಟ್ಟ ಸುಭಾಸ ರೋಡಿನಲ್ಲಿದೆ. ಜಿ.ಬಿ. ಜೋಶಿಯವರು 1933ರಲ್ಲಿ ಶುರು ಮಾಡಿದ ಪ್ರಕಾಶನ. ಓದುಗರಿಂದ ವರ್ಷದ ಚಂದಾ ಮೊದಲೇ ತೆಗೆದುಕೊಂಡು ಪುಸ್ತಕ ಕಳಿಸುವ ಪದ್ಧತಿ ಅವರದು. ಕೀರ್ತಿನಾಥ ಕುರ್ತಕೋಟಿಯಂಥ ವಿಮರ್ಶಕರು ಅಲ್ಲಿ ಕೂತು ಹಸ್ತಪ್ರತಿ ಓದುತ್ತಿದ್ದರು. ಹೊಸಬರು ಬರೆದಿದ್ದನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದರು. ಕನ್ನಡದ ಎಷ್ಟು ಒಳ್ಳೆಯ ಪುಸ್ತಕಗಳು ಆ ಇಕ್ಕಟ್ಟಿನಿಂದ ಹೊರಬಿದ್ದಿವೆ ಎಂದು ಯೋಚಿಸಿದರೆ, ದೊಡ್ಡ ದೊಡ್ಡ ಸಭಾಭವನ ಕಟ್ಟುವವರ ಬಗ್ಗೆ ನನಗೆ ಸ್ವಲ್ಪ ನಗು ಬರುತ್ತದೆ. ಅಪ್ಪಚ್ಚಿ ಕೆಳಗೇ ನಿಂತು ತಲೆಯೆತ್ತಿ ನೋಡಿದರು. ಓದುವ ಕಾಲದಲ್ಲಿ ಸಂಜೆ ಇಲ್ಲಿಗೆ ಬರುತ್ತಿದ್ದರಂತೆ.

"ಎಂತ ಮಾಡಲೆ ಬರ್ತಿದ್ರಿ?"

"ಸುಮ್ನೆ ಕೂಪಲೆ. ದೊಡ್ಡವು ಮಾತಾಡೂದ್ ಕೇಳಲೆ. ಯಾರೂ ಏಳು ಹೇಳ್ತಿದ್ವಿಲ್ಲೆ."

ಅವರ ಎಂ.ಎ. ಆಗಿದ್ದು ಕ್ಲಾಸಿನಲ್ಲಿ ಎಷ್ಟೋ ಇಲ್ಲೂ ಅಷ್ಟೇ ಎಂದರು. ನೋಟ್ಸ್ ಏನು ಬರೆದುಕೊಂಡಿದ್ದೆ ಅನ್ನುವುದು ಅವರಿಗೆ ಈಗ ನೆನಪಿಲ್ಲ. ಯಾರು ಯಾರ ಜೊತೆ ಯಾವ ಪದ್ಯದ ಬಗ್ಗೆ ಜಗಳವಾಡಿದರು ಅನ್ನುವುದು ಚೆನ್ನಾಗಿ ನೆನಪಿದೆ.

ಊರಿಗೆ ಈ ಮಾತಿನ ಚಟ ಹೇಗೆ ಬಂತು ಅನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಈ ಭಾಗ ಮುಂಬಯಿ ಪ್ರಾಂತ್ಯದಲ್ಲಿತ್ತು. ನಮ್ಮ ಜಿಲ್ಲೆಯೂ ಅಷ್ಟೇ. 1862ರಲ್ಲಿ ಮದ್ರಾಸಿನಿಂದ ಬಿಡಿಸಿ ನಮ್ಮನ್ನು ಮುಂಬಯಿಗೆ ಸೇರಿಸಿದರು. ಕಚೇರಿಯಲ್ಲಿ, ಶಾಲೆಯಲ್ಲಿ ಮರಾಠಿಯದೇ ಜೋರು. ಕನ್ನಡದವರು ಮನೆಯಲ್ಲಿ ಮಾತ್ರ ಕನ್ನಡದವರು. ಆ ಹೊತ್ತಿನಲ್ಲಿ, 1890ರಲ್ಲಿ, ರಾ.ಹ. ದೇಶಪಾಂಡೆಯವರು ಕರ್ನಾಟಕ ವಿದ್ಯಾವರ್ಧಕ ಸಂಘ ಶುರು ಮಾಡಿದರು. ಕನ್ನಡದಲ್ಲಿ ಪುಸ್ತಕ ಬರೆಸುವುದು, ಬರೆದವರಿಗೆ ಬಹುಮಾನ ಕೊಡುವುದು ಅದರ ಕೆಲಸ. ಆಲೂರು ವೆಂಕಟರಾಯರು ಕರ್ನಾಟಕ ಒಂದಾಗಬೇಕು ಎಂದು ಊರೂರು ತಿರುಗಿದ್ದು ಇದೇ ಬುಡದಿಂದ. ವಿಶ್ವವಿದ್ಯಾಲಯ ಬಂದಿದ್ದು ಸಂಘ ಹುಟ್ಟಿ ಸುಮಾರು ಅರವತ್ತು ವರ್ಷದ ಮೇಲೆ. ಅಂದರೆ ಇಲ್ಲಿ ವಾದ ಮಾಡುವವರು ಮೊದಲು ಬಂದರು, ಪದವಿ ಕೊಡುವವರು ಆಮೇಲೆ. ಬೇರೆ ಕಡೆ ಕಟ್ಟಡ ಮೊದಲು ಏಳುತ್ತದೆ, ಜನ ಬರಲಿ ಎಂದು ಕಾಯುತ್ತದೆ.

ಊಟಕ್ಕೆ ಖಾನಾವಳಿ. ಎರಡು ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ. ನನಗೆ ಎರಡಕ್ಕೇ ಸಾಕಾಯಿತು. ಅಪ್ಪಚ್ಚಿ ಮೂರನೆಯದಕ್ಕೆ ಕೈ ಚಾಚಿದರು. ಮನೆಯಲ್ಲಿ ತಂಬುಳಿ, ಅನ್ನ ಇಷ್ಟೇ ಸಾಕು ಅನ್ನುವ ಮನುಷ್ಯ. ಬಡಿಸುತ್ತಿದ್ದ ಅಕ್ಕ "ಶಿರಸಿಯವರೇನ್ರಿ? ಅನ್ನ ಆಮ್ಯಾಗ ಐತಿ, ಈಗ ರೊಟ್ಟಿ ಉಣ್ರಿ" ಎಂದು ಇನ್ನೊಂದು ಹಾಕಿದರು. ನಾವು ಶಿರಸಿಯವರು ಎಂದು ಹೇಗೆ ಗೊತ್ತಾಯಿತೋ! ಹೌದ್ರಿ ಅಂದರೂ ನಮ್ಮ ರಾಗ ಬಿಟ್ಟುಕೊಡುತ್ತದೆ ಅಂತ ಕಾಣುತ್ತದೆ.

ಅಲ್ಲಿಂದ ಕೆಸಿಡಿ, ಅಂದರೆ ಕರ್ನಾಟಕ ಕಾಲೇಜು. 1917ರಲ್ಲಿ ಶುರುವಾಗಿದ್ದು. ಅದಕ್ಕೂ ಮೊದಲು ಈ ಕಡೆಯ ಹುಡುಗರು ಕಾಲೇಜು ಓದಬೇಕೆಂದರೆ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಬೇಂದ್ರೆಯವರು ಬಿ.ಎ. ಮಾಡಿದ್ದು ಪುಣೆಯ ಫರ್ಗ್ಯೂಸನ್ ಕಾಲೇಜಿನಲ್ಲಿ. ಕಾಲೇಜು ಬೇಕು ಎಂದು ಅರಟಾಳ ರುದ್ರಗೌಡರು, ರೊದ್ದ ಶ್ರೀನಿವಾಸರಾಯರು ಹಣ ಕೂಡಿಸಲು ಓಡಾಡಿದರು. ಸಿಕ್ಕ ಕಟ್ಟಡ ಸದರ್ನ್ ಮರಾಠಾ ರೈಲ್ವೆಯವರ ಹಳೇ ಕಚೇರಿ. ರೈಲಿನವರು ಬಿಟ್ಟುಹೋದ ಕಲ್ಲಿನ ಕಟ್ಟಡದಲ್ಲಿ ಹುಡುಗರು ಪಾಠ ಕೇಳಿದರು. ಈಗ ನೋಡಿದರೂ ಎತ್ತರದ ಛಾವಣಿ, ದಪ್ಪ ಗೋಡೆ. ಗೇಟಿನ ಹತ್ತಿರ ಇಬ್ಬರು ಹುಡುಗಿಯರು ಸ್ಕೂಟಿ ಸ್ಟಾರ್ಟ್ ಆಗದೆ ಪರದಾಡುತ್ತಿದ್ದರು. ಅಪ್ಪಚ್ಚಿ ಹೋಗಿ ಉಪದೇಶ ಮಾಡಿದರು. ಸ್ಕೂಟಿ ಹೊರಟಿತು, ಉಪದೇಶದಿಂದಲೇ ಅಂತ ನನಗೆ ಅನಿಸಲಿಲ್ಲ.

ವಿಶ್ವವಿದ್ಯಾಲಯಕ್ಕೆ ಆಟೊ ಹಿಡಿದೆವು. 1949ರಲ್ಲಿ ಇದು ಶುರುವಾಗಿದ್ದು ಮುಂಬಯಿಯಲ್ಲಿ, ಮರುವರ್ಷ ಧಾರವಾಡಕ್ಕೆ ಬಂತು. ಗುಡ್ಡದ ಮೇಲೆ ಇಷ್ಟು ದೊಡ್ಡ ಆವರಣ ಎದ್ದಿದ್ದು ಡಿ.ಸಿ. ಪಾವಟೆಯವರ ಕಾಲದಲ್ಲಿ. ಕೇಂಬ್ರಿಜ್‌ನಲ್ಲಿ ಗಣಿತ ಓದಿದ ಮನುಷ್ಯ. 1954ರಿಂದ 1967ರವರೆಗೆ ಕುಲಪತಿಯಾಗಿದ್ದು, ಆಮೇಲೆ ಪಂಜಾಬಿನ ರಾಜ್ಯಪಾಲರಾದರು. ಹದಿಮೂರು ವರ್ಷ ಒಬ್ಬರೇ ಕುಲಪತಿ. ಈಗ ಹಾಗೆ ಊಹಿಸಲೂ ಆಗುವುದಿಲ್ಲ. ಒಂದು ಕಾಲಕ್ಕೆ ಬೆಳಗಾವಿ, ವಿಜಾಪುರ, ಕಲಬುರ್ಗಿ ಎಲ್ಲ ಇದರ ಕೈಯಲ್ಲಿತ್ತು. 1980ರಲ್ಲಿ ಗುಲಬರ್ಗಾ, 2010ರಲ್ಲಿ ರಾಣಿ ಚನ್ನಮ್ಮ ಹೀಗೆ ಒಂದೊಂದೇ ವಿಶ್ವವಿದ್ಯಾಲಯ ಬೇರೆ ಮನೆ ಮಾಡಿಕೊಂಡವು. ನಾವು ಉತ್ತರ ಕನ್ನಡದವರು ಮಾತ್ರ ಇನ್ನೂ ಇಲ್ಲೇ ಇದ್ದೇವೆ. ಕಾರವಾರದಲ್ಲಿ ಇದರ ಸ್ನಾತಕೋತ್ತರ ಕೇಂದ್ರ ಇದೆ, ಅಷ್ಟೇ. ನಮಗೂ ಒಂದು ಸ್ವಂತದ್ದು ಬೇಕು ಎಂದು ಕೂಗುವವರಿದ್ದಾರೆ. ನನಗೆ ಅದರಲ್ಲಿ ಅಷ್ಟು ಉತ್ಸಾಹ ಇಲ್ಲ. ಅಂಕಪಟ್ಟಿ ಹತ್ತಿರದಲ್ಲೇ ಸಿಗಬಹುದು, ಅನುಕೂಲ ಹೌದು. ಆದರೆ ಘಟ್ಟದ ಹುಡುಗ ಹತ್ತಿಯ ಹೊಲ ದಾಟಿ ಬೇರೆ ಮಾತಿನ ಊರಿಗೆ ಬಂದು ಎರಡು ವರ್ಷ ರೊಟ್ಟಿ ತಿನ್ನುವುದು ಇದೆಯಲ್ಲ, ಅದನ್ನು ಶಿರಸಿಯಲ್ಲೇ ಕೂರಿಸಿ ಕೊಡಲಿಕ್ಕೆ ಆಗುವುದಿಲ್ಲ. ಗೋಕರ್ಣದ ಜಯಂತ ಕಾಯ್ಕಿಣಿ ಇಲ್ಲಿಗೆ ಬಂದು ಬಯೋಕೆಮಿಸ್ಟ್ರಿಯಲ್ಲಿ ಎಂ.ಎಸ್ಸಿ. ಮಾಡಿದರು. ಕವಿಯಾದವರಿಗೆ ಆ ರಸಾಯನ ಎಷ್ಟು ಉಪಯೋಗಕ್ಕೆ ಬಂತೋ, ಊರಂತೂ ಬಂದೇ ಇರುತ್ತದೆ.

ಆವರಣದಲ್ಲಿ ಮರಗಳು ಬೇಕಾದಷ್ಟು. ಕನ್ನಡ ಸಂಶೋಧನಾ ಸಂಸ್ಥೆಯ ಕಡೆ ನಡೆದೆವು. ಇದು ವಿಶ್ವವಿದ್ಯಾಲಯಕ್ಕಿಂತ ಹಳೆಯದು, 1939ರದ್ದು. ಶಾಸನ, ಹಸ್ತಪ್ರತಿ, ಶಿಲ್ಪ ಕೂಡಿಸಿ ಇಟ್ಟ ಜಾಗ. ವೀರಗಲ್ಲುಗಳ ಮುಂದೆ ಅಪ್ಪಚ್ಚಿ ತುಂಬಾ ಹೊತ್ತು ನಿಂತರು. ನಮ್ಮ ಕಡೆ ಇಂಥ ಕಲ್ಲು ತೋಟದ ಅಂಚಿನಲ್ಲಿ ಒರಗಿಕೊಂಡಿರುತ್ತದೆ, ಮೇಲೆ ಪಾಚಿ ಬೆಳೆದಿರುತ್ತದೆ. ಅದನ್ನು ಓದಬಹುದು ಎಂದು ಕಲಿಸಿಕೊಟ್ಟಿದ್ದು ಇಲ್ಲಿನ ಮೇಷ್ಟ್ರುಗಳು ಎಂದರು.

ಹಾಗೆ ಕಲ್ಲು ಓದಿದವರಲ್ಲಿ ಎಂ.ಎಂ. ಕಲಬುರ್ಗಿ ಒಬ್ಬರು. ಇಲ್ಲಿನ ಕನ್ನಡ ವಿಭಾಗದಲ್ಲಿದ್ದರು, ಮುಂದೆ ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾದರು. 2015ರ ಆಗಸ್ಟ್ 30ರ ಬೆಳಿಗ್ಗೆ ಇದೇ ಊರಿನ ಅವರ ಮನೆ ಬಾಗಿಲಲ್ಲಿ ಗುಂಡಿಟ್ಟು ಕೊಂದರು. ಧಾರವಾಡದ ಹರಟೆ, ಜಗಳ, ಪೇಡೆ ಎಂದು ಚೆಂದವಾಗಿ ಬರೆಯುವಾಗ ಇದನ್ನು ಬಿಟ್ಟು ಬರೆಯಬಾರದು. ವಾದ ಮಾಡುವವರನ್ನು ಹೊತ್ತು ಸಾಕಿದ ಊರಿನಲ್ಲೇ ಇದು ಆಯಿತು. ಅಪ್ಪಚ್ಚಿ ಅದರ ಬಗ್ಗೆ ಏನೂ ಮಾತಾಡಲಿಲ್ಲ. ನಾನೂ ಕೇಳಲಿಲ್ಲ.

ಸಾಧನಕೇರಿಗೆ ಬಂದಾಗ ನಾಲ್ಕು ಗಂಟೆ ದಾಟಿತ್ತು. ಕೆರೆ, ಅದರ ಆಚೆ ಬೇಂದ್ರೆಯವರ ಮನೆ, ಪಕ್ಕದಲ್ಲಿ ಬೇಂದ್ರೆ ಭವನ. ಕೆರೆಗೆ ಈಗ ಕಟ್ಟೆ, ಸುತ್ತ ನಡೆಯಲು ದಾರಿ. ಕವಿಯ ಮನೆ ನೋಡಲು ಹೋಗುವುದರಲ್ಲಿ ನನಗೆ ಯಾವಾಗಲೂ ಒಂದು ಮುಜುಗರ. ಕುರ್ಚಿ, ಕನ್ನಡಕ, ಕೊಡೆ ನೋಡಿ ಏನು ಮಾಡುವುದು? ಆದರೆ ಅಪ್ಪಚ್ಚಿಗೆ ಅದು ಬೇರೆ. ಅವರು ಓದುತ್ತಿದ್ದಾಗ ಬೇಂದ್ರೆ ಇದ್ದರು. ಜ್ಞಾನಪೀಠ ಬಂದ ಹೊಸತು. ರಸ್ತೆಯಲ್ಲಿ ಕೊಡೆ ಹಿಡಿದು ಬರುತ್ತಿದ್ದರಂತೆ. ಹುಡುಗರು ಯಾರಾದರೂ ಸಿಕ್ಕರೆ ನಿಲ್ಲಿಸಿ, ಊರು ಯಾವುದು ಎಂದು ಕೇಳಿ, ಅಲ್ಲಿಂದ ಅಂಕಿಸಂಖ್ಯೆಯ ಲೆಕ್ಕಕ್ಕೆ ಇಳಿದು ಅರ್ಧ ತಾಸು ಬಿಡುತ್ತಿರಲಿಲ್ಲವಂತೆ. "ಒಂದಕ್ಷರನೂ ತಿಳದ್ದಿಲ್ಲೆ" ಎಂದು ಅಪ್ಪಚ್ಚಿ ನಕ್ಕರು. ಹಾಗೆ ತಿಳಿಯದ ಮಾತನ್ನು ಅರ್ಧ ತಾಸು ನಿಂತು ಕೇಳುವ ಪುರಸೊತ್ತು ಆಗ ಇತ್ತು ಅನ್ನುವುದೇ ನನಗೆ ದೊಡ್ಡ ಸಂಗತಿ ಅನಿಸಿತು. ಮುದುಕರಿಗೆ ಪುರಸೊತ್ತು ಈಗಲೂ ಇದೆ. ಹುಡುಗರಿಗಿಲ್ಲ.

ಅದು ಸರಿಯಾಗಿ ಕಂಡಿದ್ದು ಸಪ್ತಾಪುರದಲ್ಲಿ. ಬಸ್ಸಿಗೆ ಇನ್ನೂ ಹೊತ್ತಿತ್ತು, ಚಹಾ ಕುಡಿಯೋಣ ಎಂದು ಅಲ್ಲಿ ನಿಂತೆವು. ಅಪ್ಪಚ್ಚಿಗೆ ಗುರುತೇ ಸಿಗಲಿಲ್ಲ. ರಸ್ತೆಯ ಎರಡೂ ಬದಿ ಕೋಚಿಂಗ್ ಸೆಂಟರುಗಳ ಫ್ಲೆಕ್ಸು. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಎಸ್‌ಡಿಎ. ಆಯ್ಕೆಯಾದವರ ಸಾಲು ಸಾಲು ಫೋಟೋ. ಮನೆಗಳೆಲ್ಲ ಪಿಜಿ ಆಗಿವೆ. ಮಹಡಿಗಳೆಲ್ಲ ರೀಡಿಂಗ್ ರೂಮು. ತಿಂಗಳಿಗೆ ಇಷ್ಟು ಎಂದು ಕೊಟ್ಟರೆ ಒಂದು ಕುರ್ಚಿ, ಒಂದು ಲೈಟು, ವೈಫೈ. ರಾಯಚೂರಿಂದ, ವಿಜಾಪುರದಿಂದ, ಕೊಪ್ಪಳದಿಂದ ಬಂದ ಹುಡುಗ ಹುಡುಗಿಯರು ಬೆಳಿಗ್ಗೆಯಿಂದ ರಾತ್ರಿಯವರೆಗೆ ಅಲ್ಲಿ ಕೂರುತ್ತಾರೆ. ಕೆಲವರು ವರ್ಷಗಟ್ಟಲೆ. ಅಧಿಸೂಚನೆ ಹೊರಡುವುದಿಲ್ಲ, ಹೊರಟರೆ ಪರೀಕ್ಷೆ ಮುಂದಕ್ಕೆ ಹೋಗುತ್ತದೆ, ಪರೀಕ್ಷೆ ಆದರೆ ಕೋರ್ಟಿಗೆ ಹೋಗುತ್ತದೆ. ಅಷ್ಟರಲ್ಲಿ ವಯೋಮಿತಿ ಹತ್ತಿರ ಬರುತ್ತದೆ.

ಇವರನ್ನು ನೋಡಿ ಮೂಗು ಮುರಿಯುವುದು ಸುಲಭ. ಹಳೇ ಧಾರವಾಡದ ಅಭಿಮಾನಿಗಳು ಹಾಗೆ ಮಾಡುತ್ತಾರೆ. ಸಾಹಿತ್ಯ, ಸಂಗೀತದ ಊರು ಹೋಗಿ ಗೈಡುಬುಕ್ಕಿನ ಊರಾಯಿತು ಎನ್ನುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಈ ಮಕ್ಕಳಲ್ಲಿ ಎಷ್ಟೋ ಮಂದಿಯ ಮನೆಯಲ್ಲಿ ಇವರೇ ಮೊದಲ ಪದವೀಧರರು. ಹೊಲ ಅಡವಿಟ್ಟು ಕಳಿಸಿರುತ್ತಾರೆ. ಅಪ್ಪಚ್ಚಿಗೆ ಎಂ.ಎ. ಮುಗಿದ ವರ್ಷವೇ ನೌಕರಿ ಸಿಕ್ಕಿತ್ತು, ಊರಲ್ಲಿ ತೋಟವೂ ಇತ್ತು. ಸುಮ್ನೆ ಕೂತು ದೊಡ್ಡವರ ಮಾತು ಕೇಳಲಿಕ್ಕೆ ಅಷ್ಟು ಬೆನ್ನಿಗಿರಬೇಕಾಗುತ್ತದೆ, ಅಲ್ವಾ? ನನಗೆ ಕಸಿವಿಸಿ ಆಗಿದ್ದು ಬೇರೆ ಕಾರಣಕ್ಕೆ. ನಮ್ಮ ಹಾಗೆ ಬಂದು ಹೋಗುವವರಲ್ಲ ಇವರು, ಇದೇ ಊರಿನಲ್ಲಿ ಮೂರು ನಾಲ್ಕು ವರ್ಷ ಇರುವವರು. ಆದರೂ ಇವರ ಕೈಯಲ್ಲೂ ಒಂದು ಫೈಲೇ ಇದೆ. ಊರು ಸುತ್ತ ಇದೆ, ಇವರಿಗೆ ಸಿಕ್ಕಿದ್ದು ಕುರ್ಚಿ ಮಾತ್ರ.

ಚಹಾದಂಗಡಿಯಲ್ಲಿ ಪಕ್ಕ ನಿಂತಿದ್ದ ಹುಡುಗ ನಮ್ಮ ಮಾತು ಕೇಳಿ "ಶಿರಸಿ ಕಡೆಯವ್ರಾ ಸರ್?" ಎಂದ. ಸಿದ್ದಾಪುರ ತಾಲೂಕಿನವನು. ಎಫ್‌ಡಿಎಗೆ ಓದುತ್ತಿದ್ದಾನೆ. ಪಿಎಸ್‌ಐಗೂ ಹಾಕಿದ್ದನಂತೆ, ಎತ್ತರ ಸಾಲಲಿಲ್ಲ. ಅಪ್ಪಚ್ಚಿ ಅವನಿಗೂ ಒಂದು ಚಹಾ ಹೇಳಿದರು. ಮೇಷ್ಟ್ರ ಬುದ್ಧಿ, ಒಂದೆರಡು ಪ್ರಶ್ನೆ ಕೇಳಿಯೇಬಿಟ್ಟರು. ಮನೋಹರ ಗ್ರಂಥಮಾಲೆ ಶುರುವಾದ ವರ್ಷ ಯಾವುದು? ಹುಡುಗ ತಟ್ಟನೆ 1933 ಎಂದ. ವಿದ್ಯಾವರ್ಧಕ ಸಂಘ? 1890, ರಾ.ಹ. ದೇಶಪಾಂಡೆ. ಬೇಂದ್ರೆಯವರಿಗೆ ಜ್ಞಾನಪೀಠ? 1973. ಒಂದೂ ತಪ್ಪಲಿಲ್ಲ.

"ಅಟ್ಟಕ್ಕೆ ಹೋಗಿದ್ಯಾ?" ಎಂದರು ಅಪ್ಪಚ್ಚಿ.

ಅದು ಇನ್ನೂ ಇದೆ ಎಂದೇ ಅವನಿಗೆ ಗೊತ್ತಿರಲಿಲ್ಲ. ಎಲ್ಲಿ ಎಂದು ಕೇಳಿದ. ಸುಭಾಸ ರೋಡು, ನೀನು ಇರುವಲ್ಲಿಂದ ಆಟೊಕ್ಕೆ ಹತ್ತು ನಿಮಿಷ ಎಂದು ಅಪ್ಪಚ್ಚಿ ದಾರಿ ವಿವರಿಸಿದರು.

"ಅಲ್ಲಿ ಕರೆಂಟ್ ಅಫೇರ್ಸ್ ಪುಸ್ತಕ ಸಿಗ್ತದಾ ಸರ್?"

"ಇಲ್ಲ ತಮ್ಮಾ. ಯಾರಾದ್ರೂ ಇದ್ರೆ ಚಹಾ ಸಿಕ್ಕಿದ್ರೂ ಸಿಗಬಹುದು."

ಹುಡುಗ ನಕ್ಕ. ಗ್ಲಾಸು ಇಟ್ಟು, ಫೋನು ತೆಗೆದು ಮ್ಯಾಪಿನಲ್ಲಿ ಹುಡುಕಿದ. "ರವಿವಾರ ಮಧ್ಯಾಹ್ನ ತೆಗೆದಿರ್ತದಾ?" ಎಂದ. "ಬೆಳಿಗ್ಗೆ ನಂಗೆ ಮಾಕ್ ಟೆಸ್ಟ್ ಇರ್ತದೆ."